ಅಳಿವೆ ಬಾಗಿಲಿನ ಲೆಕ್ಕ

ಬೆಳಗ್ಗೆ ನಾಲ್ಕಕ್ಕೆ ಫೋನು. ಬೆಂಗ್ರೆಯ ಇದ್ದಿನಬ್ಬ.
"ಮೇಡಂ, ಬಾಗಿಲು ಹೇಗುಂಟು ಇವತ್ತು?"

ಬಾಗಿಲೆಂದರೆ ಮನೆಯದಲ್ಲ.
ನೇತ್ರಾವತಿ, ಫಲ್ಗುಣಿ ಕೈಕೈ ಹಿಡಿದು
ಕಡಲಿಗೆ ಕಾಲಿಡುವ ಅಳಿವೆ.
ಚಿಲಕವಿಲ್ಲ, ಹೊಸ್ತಿಲು ಮಾತ್ರ ಉಂಟು,
ಮರಳಿನದು, ದಿನಕ್ಕೊಂದು ಕಡೆ.
ಎಡವಿದ ದೋಣಿಗೆ ಎರಡನೆಯ ಹೆಜ್ಜೆ ಇಲ್ಲ.

ನನ್ನ ಕೆಲಸ ಆ ಹೊಸ್ತಿಲಿನದು.
ಸುರತ್ಕಲ್ಲಿನ ತಣ್ಣನೆ ಕೋಣೆಯಲ್ಲಿ
ಅಳಿವೆಯನ್ನು ಹನ್ನೆರಡು ಲಕ್ಷ ಚೌಕ ಮಾಡಿ
ಒಂದೊಂದು ಚೌಕವನ್ನೂ ಕೇಳುತ್ತಿದ್ದೆ:
ಎಷ್ಟು ನೀರು ಬಂತು, ಎಷ್ಟು ಹೋಯಿತು,
ಪಕ್ಕದವ ಎಷ್ಟು ನೂಕಿದ,
ಮರಳು ಕೂತಿತೋ, ಎದ್ದಿತೋ.
ಎಲ್ಲರೂ ಹೇಳಿ ಮುಗಿಸಿದ ಮೇಲೆ
ಗಡಿಯಾರ ಅರ್ಧ ಸೆಕೆಂಡು ಮುಂದೆ.
ಪುನಃ ಮೊದಲಿಂದ.

ಆರು ಗಂಟೆಯ ಇಳಿತಕ್ಕೆ ಹದಿನಾಲ್ಕು ಗಂಟೆಯ ಲೆಕ್ಕ.
ಉತ್ತರ ಬರುತ್ತಿತ್ತು, ಬಾರದೆ ಇರುತ್ತಿರಲಿಲ್ಲ,
ದೋಣಿ ಹೋಗಿ, ಬಲೆ ಬೀಸಿ, ಧಕ್ಕೆಯಲ್ಲಿ ಮೀನು ಹರಾಜಾಗಿ
ಇದ್ದಿನಬ್ಬ ಉಂಡು ಮಲಗಿದ ಮೇಲೆ.
"ನಿಮ್ಮ ಲೆಕ್ಕ ಸರಿ ಇತ್ತು ಮೇಡಂ" ಎನ್ನುತ್ತಿದ್ದ
ಮರುದಿನ, ಬಹಳ ಮರ್ಯಾದೆಯಿಂದ.

ಕಳೆದ ಆಟಿಯಲ್ಲಿ ಮಿಸ್ರಿಯಾ ಬಂದಳು,
ಕುದ್ರೋಳಿಯ ಹುಡುಗಿ, ಚೀಲದಲ್ಲಿ ಸದಾ ಹುರಿಗಡಲೆ.
"ಎರಡು ಸಾವಿರ ಸಲ ಲೆಕ್ಕ ಮಾಡಿಟ್ಟಿದ್ದೀರಲ್ಲ,
ಅದನ್ನೇ ಒಂದು ನ್ಯೂರಲ್ ಜಾಲಕ್ಕೆ ಓದಿಸುವ."
ಓದಿಸಿದೆವು. ಗಾಳಿ ಹೀಗಿದ್ದರೆ ಮರಳು ಹೀಗೆ,
ಹುಣ್ಣಿಮೆಯ ಭರತಕ್ಕೆ ಹೀಗೆ, ಅಮಾವಾಸ್ಯೆಗೆ ಹೀಗೆ.
ಒಂಬತ್ತು ದಿನ ತಪ್ಪಿತು, ತಿದ್ದಿದೆವು.
"ಜಾಲ ಅಂದರೆ ಬಲೆಯಾ?" ಇದ್ದಿನಬ್ಬ ಕೇಳಿದ,
"ಎಷ್ಟು ಕಣ್ಣಿನದು?"

ಹತ್ತನೆಯ ದಿನ,
ನಾನು ಕೇಳಿ ಕೈ ತೆಗೆಯುವ ಮೊದಲೇ ಉತ್ತರ.
ಚಹಾ ಕುಡಿದು ಬರುವ ನೆಪವೇ ಹೋಯಿತು.
ಖುಷಿಯಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ.

ಕೂಡಿಸಿ ನೋಡಿದರೆ ನೀರು ಕಡಿಮೆ!
ಹೊಳೆ ತಂದದ್ದಿಷ್ಟು, ಕಡಲಿಗೆ ಹೋದದ್ದಿಷ್ಟು,
ನಡುವೆ ಒಂದು ಟ್ಯಾಂಕರಿನಷ್ಟು ಕಾಣೆ.
ಬುಟ್ಟಿಯಲ್ಲಿ ಕಾಣೆ ಇದ್ದರೆ ಗುಲಾಬಿಯಕ್ಕನಿಗೆ ಲಾಭ,
ನನ್ನ ಲೆಕ್ಕದಲ್ಲಿದ್ದರೆ ಮುಳುಗುವುದು ದೋಣಿ.
ಜಾಲಕ್ಕೆ ಉತ್ತರ ಬಾಯಿಪಾಠ, ನೀರಿನ ನಿಯಮ ಗೊತ್ತಿಲ್ಲ.
ಮಿಸ್ರಿಯಾ ಕಡಲೆ ಅಗಿಯುತ್ತ ಹೊಸ ದಂಡ ಬರೆದಳು:
ಕಳೆದ ಪ್ರತಿ ಹನಿಗೂ ಅಂಕ ಕಡಿತ,
ಎಲ್ಲಿಂದಲೋ ಹುಟ್ಟಿದ ಹನಿಗೂ.

ಆ ಸಂಜೆ ಧಕ್ಕೆಯಲ್ಲಿ ಗುಲಾಬಿಯಕ್ಕ
ಬುಟ್ಟಿ ನೋಡಿಯೇ ಹೇಳುತ್ತಿದ್ದಳು,
ಬಂಗುಡೆ, ನಾಲ್ಕೂವರೆ ಕಿಲೋ.
ಬೂತಾಯಿ ಎರಡು, ಮೇಲೆ ಮೂರು ಮೀನು.
ತಕ್ಕಡಿಗೆ ಗೋಣಿಯಡಿ ನಿದ್ದೆ.
ಆಗ ಒಬ್ಬ ತಂದು ಸುರಿದ, ಯಾವುದೋ ಮೀನು,
ಬೆನ್ನ ಮೇಲೆ ಗರಗಸದಂಥ ಮುಳ್ಳು, ಹೊಟ್ಟೆ ನೀಲಿ.
ನೋಡಿದಳು. ಬಗ್ಗಿ ಇನ್ನೊಮ್ಮೆ ನೋಡಿದಳು.
"ತಕ್ಕಡಿ ತೆಗಿ" ಅಂದಳು ಮಗಳಿಗೆ.
ಅಷ್ಟೇ. ದನಿಯಲ್ಲಿ ನಾಚಿಕೆಯಿಲ್ಲ.

ನಾನು ಚಿಲ್ಲರೆ ಮರೆತು ಬಂದೆ.

ಈಗ ಐದು ಜಾಲ, ಬೇರೆ ಬೇರೆ ಕಲಿಸಿದವು.
ಐದೂ ಒಂದೇ ಹೇಳಿದರೆ ಇದ್ದಿನಬ್ಬನಿಗೆ ಹೇಳುತ್ತೇನೆ,
ಎಂಜಿನ್ ಬಿಸಿಯಾಗುವ ಮೊದಲೇ.
ಇವತ್ತು, ತಡಿಯ ಆಚೆ ಯಾವುದೋ ಗಾಳಿ ತಿರುಗಿದೆ,
ಎರಡು ಸಾವಿರದಲ್ಲಿ ಒಮ್ಮೆಯೂ ಕಂಡಿರದ್ದು.
ಒಂದು ಜಾಲ ಹೊಸ್ತಿಲನ್ನು ಉಳ್ಳಾಲದ ಕಡೆ ಇಟ್ಟಿದೆ,
ಎರಡು ಬೆಂಗ್ರೆಯ ಕಡೆ,
ಒಂದಕ್ಕೆ ಹೊಸ್ತಿಲೇ ಇಲ್ಲ,
ಐದನೆಯದು ನಡುನೀರಲ್ಲಿ ಗುಡ್ಡೆ ಕಟ್ಟಿದೆ.

"ಗೊತ್ತಿಲ್ಲ ಇದ್ದಿನಬ್ಬ" ಅಂದೆ. "ಸಂಜೆ ಆರಕ್ಕೆ ಹೇಳುತ್ತೇನೆ."
ಫೋನಿನೊಳಗೆ ಎಂಜಿನ್ ನಿಂತದ್ದು ಕೇಳಿಸಿತು.
ಆಮೇಲೆ ಅಲೆ.
"ಹರಿದ ಬಲೆ ಉಂಟು, ಹೊಲಿಯುತ್ತೇನೆ" ಅಂದ.

ಹಳೆಯ ಯಂತ್ರ ಎಬ್ಬಿಸಿದೆ. ಫ್ಯಾನು ಗೊಣಗಿತು.
ಒಂದನೆಯ ಚೌಕವನ್ನು ಕೇಳಿದೆ:
ಎಷ್ಟು ನೀರು ಬಂತು?