ಅಂಕವಿಲ್ಲದ ಜಾಗ

ಲಾಹ್ತಿ ಊರಿನ ಶಾಲೆಯೊಂದರ ಜಿಮ್ ಹಾಲು.
ಬ್ಯಾಸ್ಕೆಟ್‌ಬಾಲಿನ ಬಳೆಯ ಕೆಳಗೆ
ಬಿಳಿ ಬಟ್ಟೆ ಹೊದ್ದ ಹದಿನಾಲ್ಕು ಮೇಜು,
ಮೇಜಿನ ಮೇಲೆ ಅಂಗೈಯಗಲದ ಯುದ್ಧ.
ಹೊರಗೆ ನವೆಂಬರು. ಮಧ್ಯಾಹ್ನ ಮೂರೂವರೆಗೇ
ಕತ್ತಲೆ ಬಂದು ಕಿಟಕಿಗೆ ಕೆನ್ನೆಯಾನಿಸಿದೆ.

ನನ್ನ ಕೊರಳಲ್ಲಿ ತೀರ್ಪುಗಾರ್ತಿಯ ಪಟ್ಟಿ.
ಒಂದು ಕೈಯಲ್ಲಿ ಪೆನ್ನಿನಷ್ಟು ಟಾರ್ಚು,
ಇನ್ನೊಂದರಲ್ಲಿ ಹಲ್ಲಿನ ಡಾಕ್ಟರ ಕನ್ನಡಿ,
ವಾರವಿಡೀ ಊರವರ ದವಡೆಗೆ ಹಿಡಿದದ್ದೇ
(ಕುದಿನೀರಲ್ಲಿ ತೊಳೆದು ತಂದಿದ್ದೇನೆ, ಹೆದರಬೇಡಿ).

ನಿಯಮ ಏಳು ಹೇಳುತ್ತದೆ:
ಕಾಣದ ಕೆಲಸಕ್ಕೆ ಅಂಕವಿಲ್ಲ.

ಇಪ್ಪತ್ತೆರಡನೇ ನಂಬರು ಓಸ್ಸಿಯದು.
ತುಕ್ಕು ಹೇಗೆ ಇಳಿದಿದೆ ನೋಡಿ, ಮಳೆಯೇ ಬರೆದ ಹಾಗೆ!
ಮಗುಚಿದರೆ ಹೊಟ್ಟೆ ಬರಿ ಪ್ಲಾಸ್ಟಿಕ್ಕು,
ಕಾರ್ಖಾನೆಯ ಬೂದು, ಅಚ್ಚಿನ ಹೆಸರು ಸಮೇತ.
ಮೇಲೆ ತಳುಕು ಒಳಗೆ ಹುಳುಕು ಎನ್ನಲಾರೆ,
ಹುಳುಕಿಗಾದರೂ ಒಳಗೆ ಯಾರೋ ಇದ್ದಿರಬೇಕು.

ಇಪ್ಪತ್ತೊಂದು: ಸೆರೆಸಿಕ್ಕ ರಷ್ಯನ್ ಟ್ಯಾಂಕು,
ಮೂವತ್ತೈದರಲ್ಲೊಂದು ಪಾಲು.
ಫಿನ್ನಿಷ್ ಮೂರು ಬಣ್ಣ, ಮಬ್ಬು ಮಬ್ಬು.
ಮುಚ್ಚಳಗಳೆಲ್ಲ ಅಂಟು ಹಾಕಿ ಮುಚ್ಚಿವೆ,
ಚಾಲಕನ ಕಿಂಡಿಯೊಂದು ಮಾತ್ರ
ಬೇಳೆಯಷ್ಟು ಬಿರಿದಿದೆ.
ಕನ್ನಡಿ ತೂರದು. ಟಾರ್ಚು ಹಿಡಿದೆ.
ಕಂಡದ್ದು ಒಂದು ಸನ್ನೆಗೋಲು,
ಅದರ ಹಿಡಿಯ ಕಪ್ಪು
ಕೈ ತಾಗಿ ತಾಗಿ ಸವೆದ ತುದಿ.
ಅಷ್ಟೇ.
ಯಾರ ಕೈ?

ಔಲಿಸ್ ನುರ್ಮೆಲಾ ಕಾಫಿ ಹಿಡಿದು ನಿಂತಿದ್ದ.
ನಲವತ್ತು ವರ್ಷ ಲಿಫ್ಟು ರಿಪೇರಿ ಮಾಡಿದ ಮನುಷ್ಯ,
ಮಾತು ಅವನಲ್ಲಿ ಮಹಡಿ ಮಹಡಿಗೂ ನಿಂತು ಬರುತ್ತದೆ.
ಒಳಗೇನಿದೆ, ಕೇಳಿದೆ.
ಕೇಳಬಾರದು. ನಿಯಮ ಒಂಬತ್ತು.

ನೆಲಕ್ಕೆ ರಬ್ಬರ್ ಹಾಸು, ಅಂದ.
ಹಾಸಿನಡಿ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಗುಂಡು.
ಹಿತ್ತಾಳೆಯನ್ನು ಮೂರು ಸಲ ಬಳಿದೆ,
ಮೊದಲೆರಡು ಸಲ ಚಿನ್ನದ ಹಾಗೆ ಬಂತು, ಕೆರೆದು ತೆಗೆದೆ.
ಗೋಡೆ ಬಿಳಿ. ಬಲಗಡೆಯ ಬಿಳಿ ಸ್ವಲ್ಪ ಕೊಳೆ,
ಗುಂಡು ತುಂಬುವವನ ಬೆನ್ನು ಉಜ್ಜುತ್ತದಲ್ಲ.

ನಿಲ್ಲಿಸಿದ. ಕಾಫಿ ಕುಡಿದ.

ಆಮೇಲೆ, ನಮ್ಮ ಮೂರು ಬಣ್ಣದಡಿ
ಅವರ ಹಸಿರೂ ಇದೆ, ಪೂರಾ.
ಗೋಪುರಕ್ಕೆ ಅವರ ನಂಬರು ಬರೆದೆ,
ಒಣಗಲು ಒಂದು ವಾರ ಬಿಟ್ಟೆ,
ನಮ್ಮವರು ಬಳಿದ ಹಾಗೇ ಅದರ ಮೇಲೆ ಬಳಿದೆ.

ಇದನ್ನೆಲ್ಲ ಯಾರು ನೋಡುತ್ತಾರೆ ಔಲಿಸ್?

ನೋಡುವವರಿಗಲ್ಲ, ಅಂದ,
ಕೂರುವವರಿಗೆ.
ಹೇಳಿ ನಾಚಿದ. ಎಪ್ಪತ್ತಮೂರರ ಕಿವಿ ಕೆಂಪಗೆ,
ಲೋಟದ ತಳದಲ್ಲಿ ಏನೋ ಹುಡುಕುವವನ ಹಾಗೆ ಬಗ್ಗಿದ.

ನಾನೂ ಕಾಣದ ಕಡೆ ಕೆಲಸ ಮಾಡುವವಳೇ.
ಕೊನೆಯ ದವಡೆಹಲ್ಲಿನ ಹಿಂಬದಿಗೆ
ಯಾವ ಕನ್ನಡಿಯ ಮುಂದೆಯೂ ಯಾರೂ ಬಾಯಿ ತೆರೆಯುವುದಿಲ್ಲ.
ಆದರೆ ಅಲ್ಲಿ ತಪ್ಪಿದರೆ ನೋಯುತ್ತದೆ,
ನೋವು ಎಲ್ಲವನ್ನೂ ನೋಡಿಬಿಡುತ್ತದೆ.
ಇವನ ಬೊಂಬೆ ಬಂಡಿಯಲ್ಲಿ ನೋಯಲು ಯಾರಿದ್ದಾರೆ?

ಪಟ್ಟಿ ತುಂಬಿದೆ. ಓಸ್ಸಿಗೆ ಬಂಗಾರ,
ಆ ತುಕ್ಕಿಗೆ ಸಲ್ಲಬೇಕಾದದ್ದೇ.
ಲಾಟ್ವಿಯಾದಿಂದ ಬಂದ ಹುಡುಗಿಗೆ ಬೆಳ್ಳಿ.
ಇಪ್ಪತ್ತೊಂದರ ಸನ್ನೆಗೋಲಿಗೆ ಅರ್ಧ ಅಂಕ ಬರೆದೆ,
ಹಿರಿಯ ತೀರ್ಪುಗಾರ ಅದನ್ನೂ ಹೊಡೆದ:
ಅರ್ಧದ ಪದ್ಧತಿ ನಮ್ಮಲ್ಲಿಲ್ಲ.

ಔಲಿಸ್ ಡಬ್ಬಿಗೆ ಉಣ್ಣೆಯ ಹಳೆ ಕಾಲುಚೀಲ ತುರುಕಿದ.
ಟ್ಯಾಂಕನ್ನು ಇಡುವ ಮುಂಚೆ
ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿದ.
ಸಡಿಲವಾದ ಸದ್ದೇನೂ ಇಲ್ಲ.
ತಲೆಯಾಡಿಸಿ ಹೊರಟ.

ಆ ರಾತ್ರಿ ನಮ್ಮ ಮನೆಯ ಮುದಿ ಲಿಫ್ಟು
ಮೂರಕ್ಕೂ ನಾಲ್ಕಕ್ಕೂ ನಡುವೆ
ಎಂದಿನಂತೆ ನರಳಿತು.
ಜಾಲರಿ ಬಾಗಿಲು. ಜೇಬಿನಲ್ಲಿ ಟಾರ್ಚು.
ಯಾಕೋ ಹಚ್ಚಿದೆ.
ಇಟ್ಟಿಗೆ, ಗ್ರೀಸು, ಇಟ್ಟಿಗೆ,
ಒಂದು ಕಬ್ಬಿಣದ ಪಟ್ಟಿ,
ಅಂಚಿನವರೆಗೂ ಒಂದೇ ಸಮ ಬಳಿದ ಹಸಿರು,
ಕುಂಚದ ಕೂದಲೊಂದು ಅಂಟಿಕೊಂಡೇ ಒಣಗಿದೆ.
ಮತ್ತೆ ಇಟ್ಟಿಗೆ.
ನಾಲ್ಕನೇ ಮಹಡಿ.