ನಾಲ್ಕನೇ ಗುಂಪು

ಚಾರ್ಟು ಬೇಡ, ಥರ್ಮೋಕೋಲು ಬೇಡ,
ಇಂಟರ್ನೆಟ್ಟಿನಿಂದ ಇಳಿಸಿದ್ದಂತೂ ಬೇಡವೇ ಬೇಡ
ಎಂದಿದ್ದರು ಸಮಾಜಶಾಸ್ತ್ರದ ಪೆಡ್ನೇಕರ್ ಮೇಡಂ.
ನಿಮ್ಮೂರನ್ನು ನೀವೇ ಏನಾದರೂ ಮಾಡಿ ತನ್ನಿ.
ಇಪ್ಪತ್ತು ಅಂಕ. ಐದು ಜನ.

ಹಾಜರಿ ಪುಸ್ತಕ ಒಟ್ಟಿಗೆ ಕಟ್ಟಿದವರು ನಾವು:
ಚಿತ್ತಾಕುಲದ ರೆಮೆಡಿಯಾ, ಕೋಡಿಬಾಗದ ಸಾಜಿದಾ,
ಅಂಕೋಲೆಯ ಬಸ್ಸಿಳಿದು ಓಡುತ್ತ ಬರುವ ಬೀರು ಗೌಡ,
ಮಾಜಾಳಿಯ ದತ್ತಾರಾಮ ತಾಂಡೇಲ,
ಮತ್ತೆ ನಾನು, ಅಪ್ಪನ ಬ್ಯಾಂಕಿನ ವರ್ಗಾವಣೆಯಲ್ಲಿ
ಗದಗಿನಿಂದ ಬಂದಿಳಿದ ಸಾಮಾನು.

ಮೀನಿನ ಹೆಸರು ಕೂಡಿಸೋಣ ಅಂದದ್ದು ಸಾಜಿದಾ.
ನನ್ನ ಹತ್ತಿರ ಇದ್ದದ್ದು ಒಂದೇ ಹೆಸರು, ಮೀನು.
ಆದರೂ ಅಕ್ಷರ ದುಂಡಗಿದೆಯೆಂದು
ನಾನೇ ಲೀಡರ್.

ಆಮೇಲೆ ಒಂದು ತಿಂಗಳು ಜಗಳ.
ಒಬ್ಬಳ ಇಸೋಣ ಇನ್ನೊಬ್ಬನಿಗೆ ಅಂಜಲ್.
ಸುಂಗಟವೋ ಶೆಟ್ಲಿಯೋ ಸಿಗಡಿಯೋ ಎನ್ನುವಷ್ಟರಲ್ಲಿ
ಕ್ಯಾಂಟೀನಿನ ಚಹಾ ಆರುತ್ತಿತ್ತು.
ಬೀರು ತನ್ನ ಅಜ್ಜಿಯ ಮೇಲೆ ಆಣೆ ಇಟ್ಟ.
ರೆಮೆಡಿಯಾ ಎರಡು ದಿನ ಮಾತು ಬಿಟ್ಟಳು
ಒಂದು ಒಣಮೀನಿನ ಸಲುವಾಗಿ.
ನೋಗ್ಲಿಗೆ ಕಾಣೆ ಅಂತಲೂ ಅಂತಾರೆ ಎಂದಾಗ
ನಮ್ಮ ಕಡೆ ಕಾಣೆ ಅಂದ್ರ
ಪೇಪರಿನ್ಯಾಗ ಫೋಟೋ ಹಾಕ್ತಾರಲ್ಲ, ಅದು, ಅಂದೆ.
ಎಲ್ಲ ನಕ್ಕರು. ಕಿಟಕಿಯ ಬಳಿ ಕೂತ ದತ್ತಾರಾಮ ನಗಲಿಲ್ಲ.

ಯಾವುದು ಸರಿಯೆಂದು ನಾನು ತೀರ್ಮಾನಿಸಬೇಕಿತ್ತು.
ಧೈರ್ಯ ಸಾಲದೆ ಎಲ್ಲವನ್ನೂ ಬರೆದೆ.

ಅವನು? ಬಾಯಿ ಬಿಡಲಿಲ್ಲ. ಮೀಟಿಂಗಿಗೆ ಮೂರು ಸಲ ತಡ.
ಒಂದು ಸೋಮವಾರ ಮಾತ್ರ
ಹಳೇದು ಎನ್ನುತ್ತ ನೀಲಿ ಬಲೆಯೊಂದನ್ನು ಹೆಗಲ ಮೇಲೆ ತಂದ.
ಬಸ್ಸಿನಲ್ಲಿ ಕಂಡಕ್ಟರ್ ಲಗೇಜ್ ಟಿಕೆಟ್ ಹರಿದನಂತೆ,
ವಾಸನೆಗೂ ಒಂದು ಹರಿಯಲೇ ಎಂದನಂತೆ.

ಬಲೆಗೆ ಚೀಟಿ ಕಟ್ಟಿದೆವು, ನೂರಾ ಹನ್ನೊಂದು.
ಕರಿಹಲಗೆಯಿಂದ ಕಿಟಕಿಯ ಸರಳಿನವರೆಗೆ ಇಳಿಬಿಟ್ಟೆವು.
ಫ್ಯಾನು ತಿರುಗಿದರೆ ಹೆಸರುಗಳೆಲ್ಲ ಒಮ್ಮೆಲೇ ಮಗುಚಿ
ಬಿಳಿ ಬೆನ್ನು ತೋರಿಸುತ್ತಿದ್ದವು.
ಅರ್ಥಶಾಸ್ತ್ರದ ಸರ್ ಮೂಗು ಹಿಡಿದುಕೊಂಡೇ
ಬೇಡಿಕೆಯ ನಿಯಮ ಮುಗಿಸಿದರು.

ಕೊನೆಗೊಂದು ಫಾರ್ಮು.
ಯಾರ ಪಾಲು ಎಷ್ಟು, ನೂರಕ್ಕೆ ಹಂಚಿ, ಗುಟ್ಟಾಗಿರಲಿ.
ಸಾಜಿದಾ ಇಪ್ಪತ್ತೈದು. ರೆಮೆಡಿಯಾ, ಬೀರು, ಇಪ್ಪತ್ತಿಪ್ಪತ್ತು.
ನಾನು, ನಾಚಿಕೆಯಿಲ್ಲದೆ, ಮೂವತ್ತು.
ಉಳಿದ ಐದು ದತ್ತಾರಾಮನಿಗೆ,
ಅದೂ ಲಗೇಜ್ ಟಿಕೆಟ್ಟಿನ ಲೆಕ್ಕದಲ್ಲಿ.

ಮೂರನೇ ದಿನ ಅವನ ಮಾವ ಬಂದ,
ಕ್ಲಾಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು.
ಬಲೆ ಹಳೆಯದಾಗಿರಲಿಲ್ಲ. ನಾಳೆಗೇ ಬೇಕಾಗಿತ್ತು.
ಹುಡುಗ ಕೇಳದೆ ತಂದಿದ್ದ.
ಮೇಡಂ ಏನಾದರೂ ಹೇಳುವ ಮೊದಲೇ
ಚೀಟಿ ಬಿಚ್ಚತೊಡಗಿದ, ಒಂದೊಂದನ್ನೂ ಓದುತ್ತ,
ತುಟಿ ಅಲ್ಲಾಡಿಸುತ್ತ.
ಇದು ಸಣ್ಣದಿದ್ದಾಗ ಬೇರೆ ಹೆಸರು, ಅಂದ.
ಇದನ್ನ ನಾವು ದೋಣಿಯಲ್ಲಿ ಹೆಸರು ಹಿಡಿದು ಕರೆಯೂದಿಲ್ಲ, ಅಂದ.
ನನ್ನ ದುಂಡು ಅಕ್ಷರ ಅವನ ಅಂಗೈಯಲ್ಲಿ ರಾಶಿಯಾಯಿತು.

ಒಂದು ಮೂಲೆಗೆ ಬಂದು ಅವನ ಬೆರಳು ನಿಂತವು.
ಮೊಳದುದ್ದದ ಹರಕು, ಹಸಿರು ನೈಲಾನಿನಲ್ಲಿ ಹೆಣೆದದ್ದು,
ಕಣ್ಣು ಕಣ್ಣಿಗೂ ಒಂದೇ ಅಳತೆ.
ಬೆಂಚಿನ ಮೊಳೆಗೆ ಎಳೆದು ಹರಿದವರು ನಾವು,
ಹರಿದದ್ದು ಗೊತ್ತೂ ಆಗದಷ್ಟು
ಸುಂಗಟಕ್ಕೆ ಕಿತ್ತಾಡುತ್ತ.
ಯಾರು ಹೆಣೆದದ್ದು, ಅಂದ ಮಾವ.
ದತ್ತಾರಾಮ ಕಿಟಕಿಯ ಆಚೆ ನೋಡಿದ.

ಹದಿನೆಂಟು ಬಂತು. ಎರಡು ಹೋದದ್ದು
ಉಪಸಂಹಾರ ಇಲ್ಲವೆಂದು.
ಫಾರ್ಮು ವಾಪಸು ಕೇಳಲು ಸ್ಟಾಫ್ ರೂಮಿನವರೆಗೆ ಹೋದೆ,
ಹೊರಗೆ ಇಟ್ಟಿದ್ದ ಫಿಲ್ಟರಿನ ನೀರು ಕುಡಿದು ಬಂದೆ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ.
ಒಂದು ಚೀಟಿ ಬಿಚ್ಚೋದು ಮರೆತಿತ್ತು, ಅಂದ,
ಬಲೆಯ ಜೊತೆ ನೀರಿಗೆ ಹೋಯ್ತು.
ಇಡೀ ವರ್ಷದಲ್ಲಿ ಅವನು ನನ್ನ ಹತ್ತಿರ ಆಡಿದ
ಅತಿ ಉದ್ದದ ಮಾತು.
ಯಾವುದು, ಅಂದೆ.
ಕಾಣೆ, ಅಂದ.
ಮಾಜಾಳಿಯ ಬಸ್ಸು ಬಂತು. ಹತ್ತಿದ.