ಒಂದಿಂಚು

ಉಮದಿಯ ನಮ್ಮ ಅಂಗಳದಾಗ ರಾತ್ರಿ ಎಂಟಕ್ಕ ಲೈಟ್ ಹೋತು.
ಗಾಡಿ ಡಬಲ್ ಸ್ಟ್ಯಾಂಡಿನ ಮ್ಯಾಲ,
ಹಿಂದಿನ ಗಾಲಿ ನೆಲಾ ಬಿಟ್ಟು ಎರಡು ಬೆರಳು ಎತ್ತರ.
ಬ್ಯಾಟರಿ ಹಿಡಕೊಂಡು ನಿಂತಾಕಿ ಮಹಾನಂದಾ,
ತುರುಬಿನ್ಯಾಗ ಯಾರದೋ ಕುಬಸದ ಹಸರ ನೂಲು.

ನಸಿಕಿನ್ಯಾಗ ನಾಲ್ಕಕ್ಕ ಪಾವಿನ ಕ್ರೇಟು ಕಟ್ಟಿ
ನಾ ಚಡಚಣಕ್ಕ ಹೋಗಬೇಕು.
ನಿನ್ನಿ ಏರಿನ್ಯಾಗ ಸರಪಳಿ ಜಾರಿ ಕಟ್ ಅಂತ ಕೂತಿತ್ತು.
ಹತ್ತು ಡಜನ್ ಪಾವಿನ ಕೂಡ ನಾನೂ ನಿಂತೆ
ಎರಡು ರಾಜ್ಯದ ನಡುವಿನ ಕಲ್ಲಿನ ಮಗ್ಗಲ,
ಯಾ ಕಡೆ ದೂಕಲಿ ಅಂತ.

ಜತ್ತದ ಅಂಗಡ್ಯಾಗ ಶಿಂದೆ ಹೊಸಾದು ಕೊಟ್ಟ.
ಎಣ್ಣಿ ಕಾಗದದಾಗ ಸುತ್ತಿದ್ದು, ತಂಪು, ಭಾರ.
ಅಂವ ‘ಸಾಖಳಿ’ ಅಂದ, ನಾ ‘ಸರಪಳಿ’ ಅಂದೆ,
ರೊಕ್ಕಾ ಎಣಿಸೂ ಮುಂದ ಇಬ್ಬರದೂ ಒಂದಽ ಭಾಷಾ.
‘ಪೂರಾ ಸೆಟ್ ಒಯ್ಯಿ, ಹಳೇ ಹಲ್ಲಿಗೆ ಹೊಸಾದು ಹೊಂದಂಗಿಲ್ಲ’ ಅಂದ.
ಕಿಸೆ ಅಷ್ಟು ಉದ್ದ ಇರಲಿಲ್ಲ.
ಮನಿಗೆ ಬಂದು ಹೇಳಿದ್ರ ಮಹಾನಂದಾ ನಕ್ಕಳು:
‘ಹೊಸ ಸೊಸಿ, ಹಳೇ ಅತ್ತಿ.
ಎರಡು ವರ್ಷ ಕರಕರ ಅಂತಾವ,
ಆಮ್ಯಾಲ ಯಾರದರೆ ಹಲ್ಲು ಸವೀತಾವ.’

ಹೊಸಾದನ್ನ ಚಾಪಿ ಮ್ಯಾಲ ಚಾಚಿ ಆಕಿ ಕಡಿ ಎಣಿಸಿದಳು.
ನೂರಾ ಎಂಟು.
‘ಜಪಾ ಮಾಡಾಕತ್ತೀ ಏನು?’ ಅಂದೆ.
‘ಸುಮ್ನಿರು, ಲೆಕ್ಕ ತಪ್ಪತದ.’
ಕೊರಳಾಗಿನ ಟೇಪು ತಗದು ಇಟ್ಟು ನೋಡಿದಳು,
ಐವತ್ನಾಲ್ಕು ಇಂಚು, ನೂಲೆಳಿ ಆಚಿ ಈಚಿ ಇಲ್ಲ.

ಹಳೇದನ್ನ ಪೂರಾ ಎಳದು ತಗೀಬಾರದು.
ಕಲಿಸಿದಾಂವ ಮೈಬೂಬಚಾಚಾ,
ಗ್ಯಾರೇಜು ಮುಚ್ಚಿ ಈಗ ಸೋಲಾಪುರದಾಗ ಚಾದರಿನ ಗೋದಾಮು ಕಾಯ್ತಾನ.
ಹಳೇದರ ಬಾಲಕ್ಕ ಹೊಸಾದರ ತಲಿ ಕೂಡಿಸಿ
ಮೆಲ್ಲಕ ಎಳದೆ.
ಅದು ಕತ್ತಲದಾಗ ಹೊಕ್ಕು
ಮುಂದಿನ ಸಣ್ಣ ಚಕ್ರಾ ಸುತ್ತಿ
ಹೊಸಾದಕ್ಕ ಹಾದಿ ತೋರಿಸಿ
ಹೊರಗ ಬಂದು ಪೇಪರಿನ ಮ್ಯಾಲ ಬಿತ್ತು,
ನಾ ಥ್ಯಾಂಕ್ಸ್ ಅನ್ನಲಿಲ್ಲ.

ಇನ್ನ ಉಳದದ್ದು ಲಾಕು,
ಬೆರಳಿನ ಉಗರಿನಷ್ಟು, ಮೀನಿನಂಗ.
ಇಕ್ಕಳದಾಗ ಒತ್ತೂ ಮುಂದ ಟಣ್ ಅಂತ ಹಾರಿ
ಕತ್ತಲದಾಗ ಎಲ್ಲೋ ಬಿತ್ತು.
ಮಣ್ಣು ಕೆದರಿದೆ. ಕೋಳಿಬುಟ್ಟಿ ಸರಿಸಿದೆ.
ಶಿಂದೆಗೂ ಬೈದೆ, ಲೈಟಿನವರಿಗೂ ಬೈದೆ.
ಮಹಾನಂದಾ ಒಳಗ ಹೋಗಿ
ಟಾಚಣಿ ಆರಿಸೂ ಅಯಸ್ಕಾಂತ ತಂದಳು,
ಒಡದ ರೇಡಿಯೋದ ಸ್ಪೀಕರಿನೊಳಗಿಂದು.
ಕುಂತಲ್ಲೇ ಅಂಗಳಾ ಸವರಿದಳು.
ಎರಡು ಟಾಚಣಿ ಬಂದವು,
ಒಂದು ಕುಬಸದ ಹುಕ್ಕು,
ಹೋದ ವರ್ಷ ಕಳದಿದ್ದ ವಾಶರು,
ಕಡೀಕ ಲಾಕು, ಮಣ್ಣು ಮೆತ್ತಿಕೊಂಡು.

ಹಾಕಿದೆ.
‘ಸರಪಳಿ ಯಾ ಕಡೆ ಓಡತದ?’ ಆಕಿ ಕೇಳಿದಳು.
‘ಮ್ಯಾಲಿಂದು ಮುಂದಕ್ಕ.’
‘ಹಂಗಾದ್ರ ಲಾಕಿನ ಬಾಯಿ ಯಾಕ ಮುಂದ ಮಾಡೀ?
ಏನರೆ ತಾಕಿದ್ರ ಬಿಚ್ಚೂದಿಲ್ಲೇನು?’
ಹದಿನೆಂಟು ವರ್ಷ ಗಾಡಿ ಹೊಡದಾಂವ ನಾನು.
ತಗದು, ಬಾಯಿ ಹಿಂದ ಮಾಡಿ ಹಾಕಿದೆ.
ಆಕಿ ಬ್ಯಾಟರಿ ಬ್ಯಾರೆ ಕಡೆ ತಿರುಗಿಸಿದ್ದಳು,
ನನ್ನ ಮಾರಿ ಕಾಣಬಾರದು ಅಂತಲೋ,
ತಂದು ಕಾಣಬಾರದು ಅಂತಲೋ.

ಎರಡೂ ಕಡೆ ಗೀಟು ಸಮಾ ಮಾಡಿ ನಟ್ಟು ಬಿಗದೆ.
ನಡಬರಕ ಬೆರಳಿಟ್ಟು ಒತ್ತಿದ್ರ ಒಂದಿಂಚು ಸಡ್ಲ.
ಅಷ್ಟು ಬೇಕು. ಭಾಳ ಬಿಗದ್ರ ಹರೀತದ.

ಕೈ ತೊಳಿಯೂ ಹೊತ್ತಿಗೆ ಲೈಟ್ ಬಂತು.
ಆಕಿ ಹಳೇ ಸರಪಳಿ ಅಳೀಲಿಕ್ಕೆ ಕುಂತಿದ್ದಳು.
ಕಡಿ ನೂರಾ ಎಂಟಽ. ಉದ್ದ ಐವತ್ತೈದು.
‘ಕಡಿ ಅಷ್ಟಽ ಅದಾವ, ಈ ಇಂಚು ಎಲ್ಲಿಂದ ಬಂತು?’
‘ಕಡಿಗೊಂದು ಕೂದಲೆಳಿ ಸವದಿರತದ.’
ಆಕಿ ಹೊತ್ತುತನಾ ಟೇಪು ನೋಡಿದಳು.
‘ನನ್ನ ಗಿರಾಕಿಗೋಳೂ ಹಿಂಗಽ.
ಲಗ್ನದ ಅಳತಿಗೇ ಹೊಲಿ ಅಂತಾರ.’

ನಾಲ್ಕಕ್ಕ ಗಾಡಿ ಹೊಂಟಿತು, ಸಪ್ಪಳಾ ಇಲ್ಲ.
ಗಡಿಕಲ್ಲು ದಾಟಿದ್ದು ಗೊತ್ತಾಗಲಿಲ್ಲ.
ಚಡಚಣದ ಹೋಟೆಲಿನಾಗ ಕ್ರೇಟು ಇಳಿಸಿದ್ರ
ಒಂದು ಪಾವಿನ ಮ್ಯಾಲ ನನ್ನ ಹೆಬ್ಬೆಟ್ಟು, ಕರ್ರಗ.
ಅದನ್ನ ತಗದಿಟ್ಟು
ಚಾದಾಗ ಅದ್ದಿ ನಾನಽ ತಿಂದೆ.